ಪ್ರೇಕ್ಷಕರ ಸಂಖ್ಯೆ ಸೊನ್ನೆ

ನನ್ನ ಸೋದರಮಾವ ಮಾತಾಡುವ ವಿಷಯವನ್ನು ಪೂರ್ತಿ ಅರ್ಥ ಮಾಡಿಕೊಳ್ಳಬಲ್ಲವರು ಈ ಭೂಮಿಯ ಮೇಲೆ ಹೆಚ್ಚೆಂದರೆ ಇನ್ನೂರು ಮುನ್ನೂರು ಮಂದಿ ಇದ್ದಾರು. ಅವರೆಲ್ಲ ಜಾರ್ಜಿಯಾ ದೇಶದ ಒಂದು ಸಣ್ಣ ಬಂದರು ಪಟ್ಟಣದಲ್ಲಿದ್ದಾರೆ. ಅವರಲ್ಲಿ ಒಬ್ಬರಿಗೂ ಕನ್ನಡ ಬರುವುದಿಲ್ಲ. ಮಾವನಿಗೋ, ಕುಂದಾಪ್ರ ಕನ್ನಡ ಬಿಟ್ಟರೆ ಮುಂಬೈ ಹೋಟೆಲಿನ ಹಿಂದಿ ಮಾತ್ರ ಗೊತ್ತು. ಹೀಗೆ ಸೋಸಿ ಸೋಸಿ ಕೊನೆಗೆ ಕೇಳಲು ಉಳಿದವಳು ನಾನು.

ವಿಷಯ ಯಾವುದು ಅಂತೀರಾ? ಆ ಪಟ್ಟಣದ ಫುಟ್‌ಬಾಲ್ ಕ್ಲಬ್ಬಿನ ಇತಿಹಾಸ. ಕ್ಲಬ್ಬಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಬರೆಯಲು ಹೊರಟರೆ ಒತ್ತಕ್ಷರದ ಕೆಳಗೆ ಒತ್ತಕ್ಷರ ಇಳಿದು ಮುಂದಿನ ಸಾಲಿಗೆ ತಾಗುತ್ತದೆ. ಮಾವ ಅದನ್ನು ಉಚ್ಚರಿಸುವಾಗ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿತೇನೋ ಎಂದು ಗಿರಾಕಿಗಳು ಗಾಬರಿಯಿಂದ ನೀರಿನ ಲೋಟ ಮುಂದೆ ಹಿಡಿದದ್ದುಂಟು.

ಗಿರಾಕಿಗಳು ಅಂದೆನಲ್ಲ, ತೆಕ್ಕಟ್ಟೆಯ ಹೆದ್ದಾರಿ ಬದಿಯಲ್ಲಿ ಬಸ್ಸು ನಿಲ್ಲುವಲ್ಲಿ ಮಾವನದೊಂದು ಗೂಡಂಗಡಿ ಇದೆ. ಚಾ, ಗೋಳಿಬಜೆ, ಬನ್ಸ್. ನಾನು ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಪಾಠ ಮಾಡಿ ಕುಂದಾಪುರಕ್ಕೆ ವಾಪಸಾಗುವಾಗ ಸಂಜೆ ಅಲ್ಲಿ ಇಳಿಯುತ್ತೇನೆ. ಜಾರ್ಜಿಯಾ ಎಂದ ಕೂಡಲೇ ಅಮೆರಿಕಾದ್ದು ಎಂದುಕೊಂಡು ಮಾವನಿಗೆ ಗೌರವ ಕೊಟ್ಟವರನ್ನು ನಾನೇ ಕಂಡಿದ್ದೇನೆ. ಅದಲ್ಲ, ಇದು ಕಪ್ಪು ಸಮುದ್ರದ ದಂಡೆಯಲ್ಲಿರುವ ಬೇರೆಯೇ ದೇಶ ಎಂದು ಗೊತ್ತಾದ ಮೇಲೆ ಕೊಟ್ಟ ಗೌರವ ವಾಪಸು ತೆಗೆದುಕೊಂಡು, ಚಾ ಕುಡಿದು ಹೋದದ್ದನ್ನೂ ಕಂಡಿದ್ದೇನೆ.

ಅಂಗಡಿಯ ಕಾಯಂ ಗಿರಾಕಿ ಒಬ್ಬರೇ, ಖಾಸಗಿ ಬಸ್ಸುಗಳ ಏಜೆಂಟರು. ಬಸ್ಸು ಬರುವಾಗ ಊರುಗಳ ಹೆಸರು ಕೂಗುವುದು, ಬಸ್ಸು ಇಲ್ಲದಾಗ ಮಾವನನ್ನು ಕೆಣಕುವುದು, ಇವೆರಡು ಅವರ ಉದ್ಯೋಗ.

"ಹ್ವಾಯ್, ನಿಮ್ಮ್ ಟೀಮ್ ನಿನ್ನಿ ಎಂತ ಮಾಡ್ತ್?"

"ಸೋತೋಯ್ತ್."

"ಮೊನ್ನಿ?"

"ಮೊನ್ನಿ ಆಟ ಇರ್ಲಿಲ್ಲ."

"ಅಂದ್ರೆ ಮೊನ್ನಿ ಸೋಲ್ಲಿಲ್ಲ ಅಂದಾಯ್ತ್. ಒಂದ್ ಚಾ ಕೊಡಿ, ಖುಷಿ ಆಯ್ತ್."

ಮಾವ ಹೇಳುವ ಇತಿಹಾಸ ಹೀಗೆ. ಬಹಳ ಹಿಂದೆ ಹೊರದೇಶದ ಹಡಗಿನವರು ಆ ಬಂದರಿನ ಬಯಲಿನಲ್ಲಿ ಚೆಂಡು ಒದೆಯುತ್ತಿದ್ದರು, ಮೂಟೆ ಹೊರುವವರು ಕೂತು ನೋಡುತ್ತಿದ್ದರು. ಒಂದು ದಿನ ಹಡಗು ಹೊರಟಿತು, ಚೆಂಡು ಉಳಿಯಿತು. ಕ್ಲಬ್ಬು ಹುಟ್ಟಿದ್ದು ಹಾಗೆ. (ಚೆಂಡು ತಾನಾಗಿ ಉಳಿಯಿತೋ, ಉಳಿಸಿಕೊಂಡರೋ ಎಂದು ನಾನು ಕೇಳಿದ್ದೇನೆ. ಮಾವ ಚಾ ಸೋಸಲು ಎದ್ದರು.) ಸೋವಿಯತ್ ಕಾಲದಲ್ಲಿ ಬಂದ ಬಂದ ಅಧಿಕಾರಿಗಳು ಕ್ಲಬ್ಬಿನ ಹೆಸರು ಬದಲಾಯಿಸಿದರು. ಆಟಗಾರರು ಅವರೇ, ಸೋಲೂ ಅದೇ. ದೇಶ ಸ್ವತಂತ್ರವಾದ ಹೊಸತರಲ್ಲಿ ಕರೆಂಟಿಲ್ಲ, ಎಣ್ಣೆಯಿಲ್ಲ. ಒಂದು ಚಳಿಗಾಲ ಊರಿನವರು ಗ್ಯಾಲರಿಯ ಮರದ ಬೆಂಚುಗಳನ್ನೇ ಕಿತ್ತು ಒಲೆಗೆ ಹಾಕಿದರು. "ಕೂಕಂಬುಕೆ ಜಾಗ ಇಲ್ದೆ ನಿತ್ಕಂಡೇ ಆಟ ಕಂಡ್ರ್ ಮಗಾ. ಆದ್ರೂ ಬಂದ್ರ್," ಎನ್ನುವಾಗ ಮಾವನ ದನಿ ಸ್ವಲ್ಪ ಇಳಿಯುತ್ತದೆ. ಅವರು ಹುಟ್ಟಿದ್ದು ತೆಕ್ಕಟ್ಟೆಯಲ್ಲಿ, ಬೆಂಚು ಸುಟ್ಟದ್ದು ಇನ್ನೊಂದು ಖಂಡದ ಅಂಚಿನಲ್ಲಿ. ಈ ದುಃಖಕ್ಕೆ ಅವರು ವಾರಸುದಾರರಾದದ್ದು ಹೇಗೆ ಎಂದು ಯಾರಿಗಾದರೂ ಅನುಮಾನ ಬರಬೇಕಾದ್ದೇ.

ಈ ಇತಿಹಾಸದಿಂದಾಗಿಯೇ ಮಾವನಿಗೆ ಮದುವೆಯಾಗಲಿಲ್ಲ ಎಂಬುದು ನನ್ನ ಅಮ್ಮನ ಖಚಿತ ಅಭಿಪ್ರಾಯ. ಒಮ್ಮೆ ಶಿರೂರಿನಿಂದ ಹೆಣ್ಣಿನ ಕಡೆಯವರು ಬಂದಿದ್ದರಂತೆ. ಹಿರಿಯರೊಬ್ಬರು ಸಹಜವಾಗಿ, "ಹಡಗಂಗೆ ಇದ್ದಿದ್ರಿ ಅಂಬ್ರಲೆ, ಎಲ್ಲೆಲ್ಲಿ ಹೋಯಿದ್ರಿ?" ಎಂದು ಕೇಳಿದರು. ಮಾವ ಮೂಟೆ ಹೊರುವವರಿಂದ ಶುರು ಮಾಡಿದರು. ಕ್ಲಬ್ಬು ಮೂರನೇ ಸಲ ಕೆಳದರ್ಜೆಗೆ ಇಳಿಯುವ ಹೊತ್ತಿಗೆ ಬಂದವರು ಎದ್ದು ಭಟ್ಕಳದ ಬಸ್ಸಿಗೆ ಕೈ ಅಡ್ಡ ಹಿಡಿದಿದ್ದರು. ಮಾವನಿಗೆ ಇವತ್ತಿಗೂ ಅದೊಂದು ಬೇಸರ: "ಇನ್ನೊಂದ್ ಹತ್ತ್ ನಿಮಿಷ ಕೂಕಂಡಿದ್ರೆ ಮೇಲಿನ ದರ್ಜೆಗ್ ಬಂದದ್ದೂ ಕೇಂತಿದ್ರ್."

ನಗುವ ವಿಷಯವೇ. ಆದರೆ ಮಾವ ಆ ಪಟ್ಟಣಕ್ಕೆ ಹೋದದ್ದು ಫುಟ್‌ಬಾಲ್ ನೋಡಲಿಕ್ಕಲ್ಲ. ಮುಂಬೈಯಲ್ಲಿ ಅಡುಗೆ ಕಲಿತು ಒಂದು ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರು. ಹಡಗು ಆ ಬಂದರಿಗೆ ಹೋಗಿ ನಿಂತದ್ದು ನಿಂತೇ ಹೋಯಿತು. ಮಾಲೀಕ ನಾಪತ್ತೆ, ಬಂದರಿನವರು ಹಡಗು ಹಿಡಿದಿಟ್ಟರು. ಜೊತೆಗಿದ್ದವರು ಒಬ್ಬೊಬ್ಬರಾಗಿ ಹೇಗೋ ದಾರಿ ಮಾಡಿಕೊಂಡು ಊರಿಗೆ ಹೋದರು. ಹಡಗನ್ನು ಪೂರ್ತಿ ಖಾಲಿ ಬಿಡುವ ಹಾಗಿಲ್ಲವಂತೆ. ಕೊನೆಗೆ ಉಳಿದದ್ದು ಎಂಜಿನ್ ನೋಡುವ ಒಬ್ಬ ಪರದೇಶದ ಮುದುಕ ಮತ್ತು ಮಾವ. ಮುದುಕನ ಭಾಷೆ ಮಾವನಿಗೆ ಬಾರದು, ಮಾವನದು ಮುದುಕನಿಗೆ ಬಾರದು. ಇತ್ತ ಮುಂಬೈಯ ದಲ್ಲಾಳಿಗೆ ಅಮ್ಮ ಫೋನು ಮಾಡಿದಾಗಲೆಲ್ಲ "ಬರುತ್ತಾರೆ, ಬರುತ್ತಾರೆ" ಎಂದಷ್ಟೇ ಉತ್ತರ. ಒಂಬತ್ತು ತಿಂಗಳು ಹಾಗೆ.

ಆ ಪಟ್ಟಣದ ಅಂಗಡಿ ಬೋರ್ಡುಗಳ ಅಕ್ಷರ ದೂರದಿಂದ ಥೇಟ್ ನಮ್ಮದರ ಹಾಗೆ ಗುಂಡಗುಂಡಗಿವೆಯಂತೆ. ಮೊದಲ ದಿನ ಮಾವ ಒಂದು ಬೋರ್ಡು ಓದಲು ರಸ್ತೆ ದಾಟಿ ಓಡಿದರು. "ಹತ್ರ ಹೋರೆ ಒಂದ್ ಅಕ್ಷರೂ ಗುರ್ತ ಸಿಕ್ಲಿಲ್ಲ ಮಗಾ. ಮದ್ವಿ ಮನಿಯಂಗೆ ನಮ್ಮೋರ್ ಅಂದೇಳಿ ಬೆನ್ನ್ ಮುಟ್ರೆ, ತಿರ್ಗಿ ಕಂಡದ್ದ್ ಬ್ಯಾರೆ ಯಾರೋ. ಹಾಂಗಾಯ್ತ್."

ಹೀಗೆ ಸುತ್ತುವಾಗ ಸಿಕ್ಕಿದ್ದು ಆ ಮೈದಾನ. ಅಲ್ಲಿ ಏನೂ ಓದಬೇಕಾಗಿರಲಿಲ್ಲ, ಯಾರೊಡನೆಯೂ ಮಾತಾಡಬೇಕಾಗಿರಲಿಲ್ಲ. ಆಟವಿದ್ದ ದಿನವೆಲ್ಲ ಮಾವ ಹೋದರು. ಅವುಗಳಲ್ಲಿ ಒಂದು ಆಟವೇ ಈ ಎಲ್ಲ ರಗಳೆಗೆ ಕಾರಣ.

ಆ ಕ್ಲಬ್ಬಿನ ಇತಿಹಾಸಕ್ಕೆ ಅಂತರ್ಜಾಲದಲ್ಲಿ ಒಂದು ಪುಟವಿದೆ. ನಿವೃತ್ತ ಭೂಗೋಳದ ಮೇಷ್ಟ್ರೊಬ್ಬರು ಅದನ್ನು ನಡೆಸುತ್ತಾರೆ. ಪ್ರತಿ ಆಟದ ದಿನಾಂಕ, ಗೋಲು, ಹವಾಮಾನ, ನೋಡಲು ಬಂದವರ ಸಂಖ್ಯೆ ಎಲ್ಲ ಅದರಲ್ಲುಂಟು. ಮಾವನ ಫೋನು ಅದನ್ನು ಒಂದು ಬಗೆಯ ಕನ್ನಡಕ್ಕೆ ತಿರುಗಿಸಿ ಕೊಡುತ್ತದೆ, ಮಾವ ಅದನ್ನು ಉದ್ದ ಪುಸ್ತಕದಲ್ಲಿ ಒಳ್ಳೆಯ ಕನ್ನಡದಲ್ಲಿ ಬರೆದಿಡುತ್ತಾರೆ. ಹಾಗೆ ಬರೆಯುತ್ತ ಬರೆಯುತ್ತ ಒಂದು ಚಳಿಗಾಲದ ಆಟಕ್ಕೆ ಬಂದರು. ಕೆಳದರ್ಜೆ, ಆಲಿಕಲ್ಲು ಮಳೆ, ಸ್ವಂತ ಮೈದಾನದಲ್ಲೇ ಸೋಲು. ಪ್ರೇಕ್ಷಕರ ಸಂಖ್ಯೆ: ಸೊನ್ನೆ.

ಮಾವ ಪೆನ್ನು ಕೆಳಗಿಟ್ಟರು. ಆ ದಿನ ಅವರು ಅಲ್ಲಿದ್ದರು.

"ಸೊನ್ನೆ ಅಲ್ಲ ಮಗಾ, ಒಂದ್," ಎಂದರು ಆ ಸಂಜೆ ನನ್ನೊಡನೆ. "ಅದ್ನ ಒಂದ್ ಅಂದೇಳಿ ಮಾಡ್ಸ್ಕ್." ಸೊನ್ನೆಯನ್ನು ತಿದ್ದಿಸಿ ಒಂದು ಮಾಡಿಸಬೇಕು, ಅಷ್ಟೇ. ಬೇರೇನೂ ಬೇಡ.

ಈಗ ನನ್ನ ಬಗ್ಗೆ ಒಂದು ಮಾತು ಹೇಳದೆ ವಿಧಿಯಿಲ್ಲ. ನಾನು ಶಾಲಾದಿನದಿಂದ ಚರ್ಚಾಸ್ಪರ್ಧೆಯಲ್ಲಿ ಬೆಳೆದವಳು. ದೇವರು ಇದ್ದಾನೆ ಎಂದು ಬೈಂದೂರಿನಲ್ಲಿ ಒಂದು ಪದಕ, ಇಲ್ಲ ಎಂದು ಕುಂದಾಪುರದಲ್ಲಿ ಒಂದು ಪದಕ ತಂದವಳು. ಯಾರಾದರೂ ಒಂದು ಮಾತು ಹೇಳಿದರೆ ಅದಕ್ಕೆ ಪುರಾವೆ ಏನು ಎಂದು ಕೇಳದಿದ್ದರೆ ನನಗೆ ಚಾ ಇಳಿಯುವುದಿಲ್ಲ.

"ಟಿಕೆಟ್ ಇತ್ತಾ?"

"ಕಿಟಕಿ ಬಾಗ್ಲ್ ಹಾಕಿತ್ತ್. ಬಡ್ದೆ. ಯಾರೂ ಇಲ್ಲ."

"ಮತ್ತೆ ಒಳಗೆ ಹೋದದ್ದು ಹೇಗೆ?"

"ಹಿಂದಿನ ಗೋಡಿಯಂಗೆ ಒಂದ್ ಬಿರುಕ್ ಇತ್ತ್. ದಾಳಿಂಬ್ರಿ ಗಿಡದ್ ಹತ್ರ."

"ಅಂದರೆ ಟಿಕೆಟಿಲ್ಲದೆ ಕಳ್ಳದಾರಿಯಲ್ಲಿ ಹೋದವರನ್ನು ಅವರು ಯಾಕೆ ಎಣಿಸಬೇಕು ಮಾವ? ಪ್ರೇಕ್ಷಕ ಅಂದರೆ ಟಿಕೆಟ್ ತೆಗೆದುಕೊಂಡವನು. ನೀವು ಮಳೆಗೆ ಮರೆ ಹುಡುಕಿ ಒಳಗೆ ಬಂದ ದಾರಿಹೋಕರು."

ಏಜೆಂಟರು ಲೋಟ ಕೆಳಗಿಟ್ಟು, "ಪಾಯಿಂಟ್ ಇತ್ತ್," ಎಂದರು.

ಮಾವ ಭಾನುವಾರ ಬೆಳಿಗ್ಗೆ ನನ್ನನ್ನು ಕೋಡಿಯ ಕಡಲ ದಂಡೆಗೆ ಕರೆದುಕೊಂಡು ಹೋದರು. ಅಲ್ಲಿ ಕೈರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು, ಎರಡು ತುದಿಯ ಹಗ್ಗವನ್ನು ದಂಡೆಯಲ್ಲಿ ನಿಂತವರು ಎಳೆಯುವುದು. ಯಾರೂ ಬಂದು ಹಗ್ಗಕ್ಕೆ ಕೈ ಕೊಡಬಹುದು. ಕೈ ಕೊಟ್ಟವರಿಗೆಲ್ಲ ಮೀನಿನಲ್ಲಿ ಪಾಲುಂಟು, ಯಾವ ಊರು, ಯಾವ ಮನೆ ಎಂದು ಕೇಳುವ ಕ್ರಮವಿಲ್ಲ. ಆ ದಿನ ಬೆಂಗಳೂರಿನ ಕಡೆಯ ಒಬ್ಬ ಪ್ರವಾಸಿ ಫೋಟೋ ತೆಗೆಸಿಕೊಳ್ಳಲೆಂದೇ ಬಂದು ಹಗ್ಗ ಹಿಡಿದ. ಎಳೆದನೋ ಇಲ್ಲವೋ, ನನಗಂತೂ ಅವನೇ ಹಗ್ಗಕ್ಕೆ ಜೋತುಬಿದ್ದ ಹಾಗೆ ಕಂಡಿತು. ಆದರೂ ಪಾಲು ಹಾಕುವಾಗ ಹಿರಿಯರೊಬ್ಬರು ಅವನನ್ನು ಕೂಗಿ ಕರೆದು ನಾಲ್ಕು ಬಂಗುಡೆ ಕೈಗಿಟ್ಟರು. ಅವನು ಸಸ್ಯಾಹಾರಿಯಂತೆ. ಎರಡೆರಡು ಮೀನು ಎರಡೂ ಕೈಯಲ್ಲಿ ಹಿಡಿದು, ಯಾರದೋ ಮಗುವನ್ನು ಎತ್ತಿಕೊಂಡು ತಾಯಿಯನ್ನು ಹುಡುಕುವವನ ಹಾಗೆ ದಂಡೆಯುದ್ದಕ್ಕೂ ಅಲೆಯುತ್ತಿದ್ದ.

"ಕಂಡ್ಯಾ?" ಎಂದರು ಮಾವ. "ಅವ್ನ್ ಹತ್ರ ಟಿಕೆಟ್ ಇದ್ದಿತಾ? ಬಲಿ ಎಳುಕೆ ಬಂದವ್ನ ಎಣ್ಸದೇ ಇಪ್ಪ ನ್ಯಾಯ ಎಲ್ಲೂ ಇಲ್ಲ ಹೆಣ್ಣೇ. ನಾನೂ ಎಳ್ದಿದೆ. ಕೂಕಂಡೇ ಎಳ್ದದ್ದ್."

ವಾದ ಚೆನ್ನಾಗಿತ್ತು, ಒಪ್ಪುತ್ತೇನೆ. ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿತ್ತು. ಆಟ ಮುಗಿದ ಮೇಲೆ ಸೋತ ಆಟಗಾರರು, ನೆನೆದು ತೊಪ್ಪೆಯಾದವರು, ಒಳಗೆ ಓಡಲಿಲ್ಲವಂತೆ. ಸಾಲಾಗಿ ಗ್ಯಾಲರಿಯ ಮುಂದೆ ಬಂದು, ತಗಡಿನ ಕೆಳಗೆ ಒಬ್ಬರೇ ಕೂತಿದ್ದ ಮಾವನ ಕಡೆ ಮುಖ ಮಾಡಿ ಚಪ್ಪಾಳೆ ತಟ್ಟಿದರಂತೆ. ಆ ದೇಶದಲ್ಲಿ ನೋಡಲು ಬಂದವರಿಗೆ ಹಾಗೆ ಕೃತಜ್ಞತೆ ಹೇಳುವ ರೂಢಿ. ಮಾವ ಎದ್ದು ನಿಂತರು. ಏನು ಮಾಡಬೇಕೆಂದು ತಿಳಿಯದೆ ಕೈ ಮುಗಿದರು.

"ನಾ ಇರ್ಲಿಲ್ಲ ಅಂದ್ರೆ, ಅವ್ರ್ ಚಪ್ಪಾಳಿ ತಟ್ಟಿದ್ದ್ ಯಾರಿಗೆ?"

"ಒಬ್ಬರಿಗೊಬ್ಬರು ತಟ್ಟಿಕೊಂಡಿರಬಹುದು. ಚಳಿಗೆ ಕೈ ಬಿಸಿ ಮಾಡಿಕೊಳ್ಳಲಿಕ್ಕೂ ಇರಬಹುದು," ಎಂದೆ ನಾನು. ಇಂಥ ಉತ್ತರಗಳಿಗೇ ನನಗೆ ಪದಕಗಳು ಬಂದಿರುವುದು.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದೆನೇ? ಮೇಷ್ಟ್ರಿಗೆ ಪತ್ರ ಬರೆಯುವ ಮೊದಲು ಸಾಕ್ಷಿಯನ್ನು ಪರೀಕ್ಷಿಸಬೇಕು ಎಂದು ಹೇಳಿ, ಏಜೆಂಟರನ್ನು ತೀರ್ಪುಗಾರರನ್ನಾಗಿ ಸ್ಟೂಲಿನ ಮೇಲೆ ಕೂರಿಸಿ, ಸಂಜೆಯ ಗಿರಾಕಿಗಳ ಎದುರಿನಲ್ಲೇ ಪಾಟೀಸವಾಲು ಶುರು ಮಾಡಿದೆ. ಅಂಗಿಯ ಬಣ್ಣ? ಸರಿಯಾಗಿ ಹೇಳಿದರು. ಗೋಲ್‌ಕೀಪರ್ ಎಡಗೈಯವನೋ ಬಲಗೈಯವನೋ? ಹೇಳಿದರು.

"ಎದುರು ಟೀಮ್ ಎಷ್ಟು ಗೋಲು ಹೊಡೆಯಿತು?"

"ಮೂರ್."

ನಾನು ಫೋನನ್ನು ಏಜೆಂಟರ ಮುಂದೆ ಹಿಡಿದೆ. ಪುಟದಲ್ಲಿ ನಾಲ್ಕು ಎಂದಿತ್ತು.

"ಪುಟದಲ್ಲಿ ಏನಿದೆ ಅಂತ ನೋಡಿಕೊಂಡು ಹೇಳುವುದಲ್ಲ, ನೀವು ಕಂಡದ್ದು ಹೇಳಿ ಮಾವ. ಎಷ್ಟು?"

"ಮೂರೇ ಮಗಾ. ನಾ ಕಂಡದ್ದ್ ಮೂರ್."

"ನೋಡುವವರು ನೀವೊಬ್ಬರೇ. ಇರುವ ಕೆಲಸ ಅದೊಂದೇ. ಅದರಲ್ಲೂ ಒಂದು ಗೋಲು ಕಾಣಲಿಲ್ಲ ಅಂದರೆ, ಆ ದಿನ ನೀವು ಅಲ್ಲಿದ್ದಿರಿ ಅಂತ ನಾನು ಹೇಗೆ ಬರೆಯಲಿ?"

ಎಲ್ಲರೂ ನಕ್ಕರು. ಏಜೆಂಟರು, "ಕೇಸ್ ಖಲಾಸ್," ಎಂದು ಎದ್ದು ಸಿದ್ದಾಪುರದ ಬಸ್ಸು ಕೂಗಲು ಹೋದರು. ಮಾವ ಮಾತ್ರ ಒಂದು ಲೋಟವನ್ನು ಬಹಳ ಹೊತ್ತು ತೊಳೆದರು.

ಮಾರನೆಯ ದಿನ ಹೋದರೆ ಮಾವ, "ಬಾ. ಸೆಕಿ ಜಾಸ್ತಿ ಅಲ್ದಾ?" ಎಂದರು. ಅದರ ಮರುದಿನವೂ ಸೆಕೆ. ಮೂರನೆಯ ದಿನವೂ ಸೆಕೆ. ಒಂಬತ್ತು ತಿಂಗಳು ಆಲಿಕಲ್ಲು ಮಳೆಯಲ್ಲಿ ಕಳೆದವರು ಸೆಕೆ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಏಜೆಂಟರು, "ಟೀಮ್ ಎಂತ ಮಾಡ್ತ್?" ಎಂದರೆ, "ಗೊತ್ತಿಲ್ಲ, ಕಾಣ್ಲಿಲ್ಲ," ಎಂದು ಬನ್ಸ್ ಲಟ್ಟಿಸಿದರು. ಉದ್ದ ಪುಸ್ತಕ ಮೈದಾಹಿಟ್ಟಿನ ಡಬ್ಬಿಯ ಹಿಂದೆ ಸೇರಿತ್ತು. ಏಜೆಂಟರಿಗೂ ಕಸಿವಿಸಿ. ನನ್ನನ್ನು ಪಕ್ಕಕ್ಕೆ ಕರೆದು, "ಎಂತ ಮಾರಾಯ್ತಿ, ಗೆಲ್ಲುದ್ ಹೌದ್, ಮನ್ಷನ್ ಬಾಯಿಗೇ ಬೀಗ ಹಾಕ್ಕಾ?" ಎಂದರು. ತೀರ್ಪು ಕೊಟ್ಟವರು ಅವರೇ.

ನಾನು ಯೋಚಿಸಿದ್ದು ಇಷ್ಟು: ಆ ಒಂಬತ್ತು ತಿಂಗಳಲ್ಲಿ ಮಾವ ಎಲ್ಲಿದ್ದರು ಎಂಬುದಕ್ಕೆ ಏನು ದಾಖಲೆಯಿದೆ? ಹಡಗಿನ ಮಾಲೀಕನೇ ನಾಪತ್ತೆ. ದಲ್ಲಾಳಿ "ಬರುತ್ತಾರೆ" ಎಂದು ಬಿಟ್ಟ. ನಮ್ಮ ಮನೆಯಲ್ಲಿಯೂ ಅವರು ಯಾವ ದೇಶದಲ್ಲಿದ್ದಾರೆಂದು ಸರಿಯಾಗಿ ಗೊತ್ತಿರಲಿಲ್ಲ. "ನೀನು ಇಲ್ಲಿದ್ದೀ" ಎಂದು ಅವರಿಗೆ ಯಾರಾದರೂ ತೋರಿಸಿಕೊಟ್ಟದ್ದಿದ್ದರೆ ಆ ಹನ್ನೊಂದು ಜನ, ಅದೂ ಒಂದು ಅರ್ಧ ನಿಮಿಷ. ಅದನ್ನೂ ನಾನು ಕೈ ಬಿಸಿ ಮಾಡಿಕೊಂಡದ್ದು ಎಂದುಬಿಟ್ಟಿದ್ದೆ.

ಒಂದು ಸಂಜೆ ಗಿರಾಕಿಗಳಿಲ್ಲದಾಗ ಕೇಳಿದೆ, ಪ್ರಶ್ನೆ ಎನ್ನುವಂಥದ್ದೇನೂ ಅಲ್ಲ. "ಮಾವ, ಅಲ್ಲಿ ಚಳಿ ಹೇಗಿತ್ತು?"

ಮಾವ ನನ್ನ ಮುಖ ನೋಡಿದರು. ಇದರಲ್ಲಿ ಬಲೆ ಎಲ್ಲಿದೆ ಎಂದು ಹುಡುಕಿರಬೇಕು. ಆಮೇಲೆ ನಿಧಾನವಾಗಿ ಬಂತು. ಮುದುಕನ ಕೋಟು ಕೇಳಿ ಹಾಕಿಕೊಂಡು ಹೋದದ್ದು, ಅದರ ತೋಳು ಉದ್ದವಾಗಿ ಬೆರಳು ಮುಚ್ಚಿದ್ದು. ತಗಡಿನ ಮೇಲೆ ಆಲಿಕಲ್ಲಿನ ಸದ್ದು. ಒಬ್ಬರೇ ಎಂದು ನಾಚಿಕೆಯಾಗಿ ಮೊದಲು ಮೂಲೆಯಲ್ಲಿ ಕೂತದ್ದು, ಆಮೇಲೆ ಆಡುವವರಿಗೆ ಕಾಣಲಿ ಎಂದು ನಡುವಿಗೆ ಬಂದು ಕೂತದ್ದು.

"ಒಂದ್ಸಲ ಬಾಲ್ ಗೋಡಿ ಆಚಿ ಹೋಯ್ತ್. ಹೆಕ್ಕಿ ತರುಕೆ ಅಲ್ಲ್ ಯಾರಿದ್ರ್? ನಾನೇ ಹೋದೆ. ಆಚಿಗೆ ತೋಡ್, ಮುಳ್ಳಿನ್ ಬಲ್ಲಿ. ಕೈ ಎಲ್ಲ ಗೀರ್ಕಂಡ್ ಹುಡ್ಕಿ ತಕಂಡ್ ಬಪ್ಪತ್ತಿಗೆ ಅವ್ರ್ ಇನ್ನೊಂದ್ ಬಾಲ್ ಹಾಕ್ಕಂಡ್ ಆಡ್ತಿದ್ರ್."

ನಾನು ಚಾ ಲೋಟ ಕೆಳಗಿಟ್ಟೆ. "ಎಷ್ಟು ಹೊತ್ತಾಯಿತು ಹುಡುಕಲಿಕ್ಕೆ?"

"ಸುಮಾರ್ ಹೊತ್ತ್."

"ಮಾವ, ನಾಲ್ಕನೆಯ ಗೋಲು ಆಗ ಆದದ್ದು."

ಅಷ್ಟು ದಿನದ ಮೇಲೆ ತಮ್ಮ ಮಾತು ನಿಜವೆಂದು ಸಾಬೀತಾದಾಗ ಯಾರಿಗಾದರೂ ಖುಷಿಯಾಗಬೇಡವೇ? ಮಾವನ ಮುಖ ಸಣ್ಣದಾಯಿತು. "ಅಯ್ಯೋ. ನಾ ಇಲ್ದಿದ್ದ್ ಹೊತ್ತಂಗೆ ಹೊಡ್ದ್ರಾ," ಎಂದರು, ಬಾಗಿಲು ಹಾಕದೆ ಹೋದದ್ದಕ್ಕೇ ಮನೆಯೊಳಗೆ ದನ ನುಗ್ಗಿತು ಎಂಬ ಹಾಗೆ.

ಅಂದೇ ಪತ್ರ ಬರೆದೆ. ನನ್ನ ಇಷ್ಟು ವರ್ಷದ ತರಬೇತಿಯನ್ನೆಲ್ಲ ಹಾಕಿ, ಈ ಸಲ ಮಾವನ ಪರವಾಗಿ. ಮುಚ್ಚಿದ ಟಿಕೆಟ್ ಕಿಟಕಿ, ದಾಳಿಂಬೆ ಗಿಡ, ಗೋಡೆಯ ಬಿರುಕು, ತೋಡು, ಮುಳ್ಳು, ಕಾಣದ ಗೋಲು, ಚಪ್ಪಾಳೆ. ಕೈರಂಪಣಿಯ ನ್ಯಾಯವನ್ನೂ ಒಂದು ಪರಿಚ್ಛೇದದಲ್ಲಿ ವಿವರಿಸಿದೆ. ಫೋನು ಅದನ್ನು ಜಾರ್ಜಿಯಾದ ಭಾಷೆಗೆ ತಿರುಗಿಸಿತು. ಆ ಗುಂಡಗಿನ ಅಕ್ಷರಗಳನ್ನು ಮಾವ ಫೋನು ದೂರ ಹಿಡಿದು ಒಮ್ಮೆ ನೋಡಿದರು. ಕಳಿಸಿದೆವು.

ಉತ್ತರವಿಲ್ಲ. ಒಂದು ವಾರ, ಎರಡು ವಾರ. ಏಜೆಂಟರು ದಿನಾ, "ಬಂತಾ?" ಎಂದು ಕೇಳತೊಡಗಿದರು, ಈಗ ಕೆಣಕಲಿಕ್ಕಲ್ಲ. ಮಾವ ಮಾತ್ರ, "ಅವ್ರಿಗೂ ಬ್ಯಾರೆ ಕೆಲ್ಸ ಇರ್ತಿಲ್ಯಾ," ಎನ್ನುತ್ತಿದ್ದರು. ಮೇಷ್ಟ್ರು ಪುರಾವೆ ಕೇಳಿಯಾರು, ಆಗ ಏನು ಹೇಳುವುದು ಎಂದು ನಾನು ಒಳಗೊಳಗೇ ಇನ್ನೂ ಏಳು ವಾದ ಸಿದ್ಧ ಮಾಡಿಟ್ಟಿದ್ದೆ.

ಉತ್ತರ ಬಂದದ್ದು ಒಂದು ಶನಿವಾರ ಮಧ್ಯಾಹ್ನ, ಅಂಗಡಿಯಲ್ಲಿ ನಾವು ಮೂವರೇ ಇದ್ದಾಗ. ಫೋನಿನ ಕನ್ನಡವನ್ನು ಸರಿಮಾಡಿಕೊಳ್ಳುತ್ತ ಗಟ್ಟಿಯಾಗಿ ಓದಿದೆ.

"ಮಾನ್ಯರೇ, ದಾಳಿಂಬೆ ಗಿಡದ ಹತ್ತಿರದ ಬಿರುಕು ನಿಜ. ಅದನ್ನು ಮುಚ್ಚಿ ಬಹಳ ಕಾಲವಾಯಿತು. ಹೊರಗಿನವರಿಗೆ ತಿಳಿದಿರಲು ಸಾಧ್ಯವಿಲ್ಲ. ಆ ವರ್ಷಗಳಲ್ಲಿ ಹವೆ ಕೆಟ್ಟ ದಿನ ಮೈದಾನಕ್ಕೆ ಬರುತ್ತಿದ್ದವನು ಹೆಚ್ಚಾಗಿ ನಾನೊಬ್ಬನೇ. ತಲೆ ಎಣಿಸುವವನೂ ನಾನೇ, ಎಣಿಕೆಗೆ ಸಿಗುವ ತಲೆಯೂ ನನ್ನದೇ. ಆ ದಿನ ನನಗೆ ಜ್ವರ. ನಾನು ತಪ್ಪಿಸಿಕೊಂಡ ಆಟ ಅದೊಂದೇ. ನಾನೇ ಹೋಗದ ಮೇಲೆ ಇನ್ನು ಯಾರು ಹೋಗಿರುತ್ತಾರೆ ಎಂದು ಹಾಸಿಗೆಯಲ್ಲಿ ಮಲಗಿಕೊಂಡೇ ಸೊನ್ನೆ ಎಂದು ಬರೆದೆ. ಗೋಲಿನ ಲೆಕ್ಕ ಆಮೇಲೆ ಪತ್ರಿಕೆಯಲ್ಲಿ ಸಿಕ್ಕಿತು, ತಲೆಯ ಲೆಕ್ಕ ಯಾರನ್ನೂ ಕೇಳಲಿಲ್ಲ. ತಪ್ಪು ನನ್ನದು. ತಿದ್ದಿದ್ದೇನೆ. ಆ ಆಟ ಹೇಗಿತ್ತು ಎಂದು ನನಗೆ ಇದುವರೆಗೆ ಯಾರೂ ಹೇಳಿಲ್ಲ. ಹೇಳಬಲ್ಲವರು ಒಬ್ಬರಿದ್ದಾರೆ ಎಂದೇ ಗೊತ್ತಿರಲಿಲ್ಲ. ಅವರಿಗೆ ಬಿಡುವಿದ್ದಾಗ ಹೇಳಿದರೆ ಕೇಳುತ್ತೇನೆ."

ಪುಟ ತೆರೆದು ತೋರಿಸಿದೆ. ಒಂದು ಎಂದಿತ್ತು. ಏಜೆಂಟರು ಎದ್ದು ನಿಂತು ಮಾವನ ಭುಜ ಹಿಡಿದು ಅಲುಗಾಡಿಸಿದರು. ಆ ಗಡಿಬಿಡಿಯಲ್ಲಿ ಕುಂದಾಪುರದ ಒಂದು ಬಸ್ಸು ಯಾರೂ ಕೂಗದೆಯೇ ಹೋಯಿತು.

ಮಾವ ಪುಟವನ್ನು ಸರಿಯಾಗಿ ನೋಡಲೂ ಇಲ್ಲ. "ಆ ಜ್ವರದ್ದ್ ಇನ್ನೊಂದ್ಸಲ ಓದ್," ಎಂದರು.

ಓದಿದೆ.

"ಆಟದ್ ಕಥಿ ಆಮೇಲ್ ಹೇಳುವ. ಮೊದ್ಲ್ ಒಂದ್ ಕೇಣ್. ಅವತ್ತ್ ಅವ್ರ್ ಮನಿಯಂಗೆ ಯಾರಾರೂ ಇದ್ದಿದ್ರಾ ಅಂದೇಳಿ. ಒಂದ್ ಗಂಜಿ ಬೇಯ್ಸಿ ಕೊಡುಕೆ."

ನಾನು ಟೈಪ್ ಮಾಡತೊಡಗಿದೆ. ಮಾವ ಒಲೆಯ ಕಡೆ ತಿರುಗಿದವರು ಮತ್ತೆ ಈಚೆ ತಿರುಗಿದರು.

"ನಾ ಅಲ್ಲೇ ಹತ್ರ ಇದ್ದಿದ್ದೆ ಅಂದೇಳಿ ಬರಿ ಮಗಾ. ಹಡಗಂಗೆ ದಿನಾ ಗಂಜಿ ಮಿಕ್ತಿತ್ತ್."

ಅದನ್ನೂ ಬರೆದೆ.